ಚಾರ್ಲಿ ಚಾಪ್ಲಿನ್

ಬಿಗಿಯಾದ ಕೋಟು, ದೊಗಳೆ ಷರಾಯಿ, ತಲೆಗೆ ಸಾಲದ ದುಂಡು ಟೋಪಿ, ಪಾದಕ್ಕೆ ಮೀರಿದ ಬೂಟು, ಮೂಗಿನ ಕೆಳಗೆ ಎರಡು ಬೆರಳಗಲದ ಮೀಸೆ, ಕೈಯಲ್ಲಿ ಬಳುಕುವ ಬೆತ್ತ - ಇಷ್ಟು ಹೇಳಿದರೆ ಸಾಕು, ಹೆಸರನ್ನು ಹೇಳಬೇಕಾದ ಅಗತ್ಯವಿಲ್ಲ. ಓದು ಬರಹ ಕಲಿಯದ ಮಗುವೂ ಈ ವೇಷವನ್ನು ಗುರುತಿಸುತ್ತದೆ. ಇದನ್ನು ತೊಟ್ಟವನು ಚಾರ್ಲ್ಸ್ ಸ್ಪೆನ್ಸರ್ ಚಾಪ್ಲಿನ್. ಲೋಕವೆಲ್ಲ ಆತನನ್ನು ಸಲುಗೆಯಿಂದ ಚಾರ್ಲಿ ಎಂದೇ ಕರೆಯಿತು.

1980ರ ದಶಕದಲ್ಲಿ ದೂರದರ್ಶನವು ಬೆಂಗಳೂರಿನ ಸುತ್ತಲ ನೆಲಮಂಗಲ, ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರಗಳ ಮನೆಗಳನ್ನು ಮುಟ್ಟಿತು. ಆಗ ಒಂದು ಬೀದಿಗೆ ಒಂದೋ ಎರಡೋ ಪೆಟ್ಟಿಗೆಗಳು. ಸಂಜೆಯಾದರೆ ನೆರೆಹೊರೆಯವರೆಲ್ಲ ಅದರ ಮುಂದೆ ನೆರೆಯುತ್ತಿದ್ದರು. ಹಿಂದಿಯ ವಾರ್ತೆಯಾಗಲಿ ಇಂಗ್ಲಿಷಿನ ಭಾಷಣವಾಗಲಿ ಅರ್ಥವಾಗದ ಅಜ್ಜಿಯರು ಅಲ್ಲಿದ್ದರು. ಇನ್ನೂ ಶಾಲೆಗೆ ಹೋಗದ ಮಕ್ಕಳಿದ್ದರು. ಪರದೆಯ ಮೇಲೆ ಚಾರ್ಲಿ ಕಾಣಿಸಿಕೊಂಡಾಗ ಮಾತ್ರ ಯಾರೂ ಯಾರಿಗೂ ಅರ್ಥ ಹೇಳಬೇಕಾಗುತ್ತಿರಲಿಲ್ಲ. ಅವನ ಮೊದಲ ಚಿತ್ರಗಳನ್ನು ತೆಗೆದು ಅಷ್ಟು ಹೊತ್ತಿಗೆ ಎಪ್ಪತ್ತು ವರ್ಷಗಳು ಕಳೆದಿದ್ದವು. ಮೂಕಚಿತ್ರದ ಯುಗವೇ ಮುಗಿದು ಅರ್ಧ ಶತಮಾನವಾಗಿತ್ತು. ಆದರೂ ನಗೆ ಹಳಸಿರಲಿಲ್ಲ. ಈ ಅಭಿಮಾನ ಇಂದಿಗೂ ಬತ್ತಿಲ್ಲವೆಂಬುದಕ್ಕೆ 2022ರಲ್ಲಿ ತೆರೆಕಂಡ ‘777 ಚಾರ್ಲಿ’ ಎಂಬ ಕನ್ನಡ ಚಿತ್ರವೇ ಸಾಕ್ಷಿ. ಅದರ ಕಥಾನಾಯಕನು ಕಾರ್ಖಾನೆಯಲ್ಲಿ ದುಡಿಯುವ ಒಂಟಿ ಮನುಷ್ಯ; ಟೆಲಿವಿಷನ್ನಿನಲ್ಲಿ ಚಾಪ್ಲಿನ್ನನ ಚಿತ್ರಗಳನ್ನು ನೋಡುವುದು ಅವನ ಬಾಳಿನ ಕೆಲವೇ ಸುಖಗಳಲ್ಲಿ ಒಂದು. ಮನೆಗೆ ಬಂದು ಸೇರಿಕೊಂಡ ನಾಯಿಗೂ ಅವನು ಚಾರ್ಲಿ ಎಂದೇ ಹೆಸರಿಡುತ್ತಾನೆ.

ಇಷ್ಟು ಜನರನ್ನು ನಗಿಸಿದವನ ಬಾಲ್ಯದಲ್ಲಿ ನಗುವುದಕ್ಕೆ ಬಹಳ ಕಾರಣಗಳಿರಲಿಲ್ಲ.

ಚಾರ್ಲಿ 1889ರ ಏಪ್ರಿಲ್ 16ರಂದು ಜನಿಸಿದನು. ಲಂಡನ್ ನಗರದ ದಕ್ಷಿಣ ಭಾಗದ ಬಡಕೇರಿಗಳಲ್ಲಿ ಬೆಳೆದನು. ತಂದೆಯ ಹೆಸರೂ ಚಾರ್ಲ್ಸ್ ಚಾಪ್ಲಿನ್. ಆತನು ಸಂಗೀತಶಾಲೆಗಳಲ್ಲಿ ಹಾಡುತ್ತಿದ್ದ ಗಾಯಕ. ಆ ಕಾಲದ ಇಂಗ್ಲೆಂಡಿನಲ್ಲಿ ಸಂಗೀತಶಾಲೆಯೆಂದರೆ ಹಾಡು, ಕುಣಿತ, ಪ್ರಹಸನ, ಕಸರತ್ತು ಎಲ್ಲವೂ ಒಂದೇ ರಾತ್ರಿಯಲ್ಲಿ ನಡೆಯುವ ಜನಪ್ರಿಯ ರಂಗಮಂದಿರ. ತಾಯಿ ಹ್ಯಾನಾ ಸಹ ಲಿಲಿ ಹಾರ್ಲಿ ಎಂಬ ಹೆಸರಿನಿಂದ ರಂಗದ ಮೇಲೆ ಹಾಡುತ್ತಿದ್ದಳು. ಮಗು ಚಿಕ್ಕದಿರುವಾಗಲೇ ತಂದೆತಾಯಿಗಳು ಬೇರೆಯಾದರು. ಕುಡಿತಕ್ಕೆ ಬಿದ್ದಿದ್ದ ತಂದೆಯಿಂದ ಮನೆಗೆ ಬರಬೇಕಾದ ಹಣ ಬರುತ್ತಿರಲಿಲ್ಲ. ಚಾರ್ಲಿಯನ್ನೂ, ಅವನಿಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಸಿಡ್ನಿಯನ್ನೂ ಸಾಕುವ ಹೊಣೆ ತಾಯಿಯ ಮೇಲೆಯೇ ಬಿದ್ದಿತು. ಅವಳಿಗಿದ್ದ ಆಸ್ತಿಯೆಂದರೆ ಕಂಠವೊಂದೇ.

ಆ ಕಂಠವೇ ಕೈಕೊಟ್ಟಿತು. ಚಾರ್ಲಿಗೆ ಐದು ವರ್ಷವಿದ್ದಾಗ ಆಲ್ಡರ್‌ಶಾಟ್ ಎಂಬ ಊರಿನಲ್ಲಿ, ಸೈನಿಕರೇ ಹೆಚ್ಚಾಗಿ ತುಂಬಿದ್ದ ಒಂದು ರಂಗಮಂದಿರದಲ್ಲಿ ಹ್ಯಾನಾ ಹಾಡುತ್ತಿದ್ದಳು. ನಡುವೆ ಧ್ವನಿ ಒಡೆದು ಪಿಸುಮಾತಾಯಿತು. ಪ್ರೇಕ್ಷಕರು ಗಲಾಟೆಯೆಬ್ಬಿಸಿದರು. ಆಕೆ ಅಪಮಾನದಿಂದ ತೆರೆಯ ಹಿಂದಕ್ಕೆ ಸರಿದಳು. ಬೇರೆ ದಾರಿ ಕಾಣದೆ ವ್ಯವಸ್ಥಾಪಕನು ಪಕ್ಕದಲ್ಲಿ ನಿಂತಿದ್ದ ಹುಡುಗನನ್ನೇ ಕೈಹಿಡಿದು ರಂಗದ ಮಧ್ಯಕ್ಕೆ ತಂದು ನಿಲ್ಲಿಸಿದನು. ಹುಡುಗ ಅಂಜಲಿಲ್ಲ. ತನಗೆ ಗೊತ್ತಿದ್ದ ಹಾಡನ್ನು ಹಾಡತೊಡಗಿದನು. ಅರ್ಧ ಹಾಡಾಗುವುದರೊಳಗೆ ನಾಣ್ಯಗಳು ರಂಗದ ಮೇಲೆ ಬಂದು ಬಿದ್ದವು. ಆತನು ಹಾಡನ್ನು ಅಲ್ಲಿಗೇ ನಿಲ್ಲಿಸಿ, ಮೊದಲು ಹಣವನ್ನು ಆಯ್ದುಕೊಂಡು ಆಮೇಲೆ ಹಾಡುವೆನೆಂದು ಸಭೆಗೆ ತಿಳಿಸಿದನು. ಜನ ನಕ್ಕರು. ವ್ಯವಸ್ಥಾಪಕನು ಕರವಸ್ತ್ರವನ್ನು ಹಿಡಿದು ನಾಣ್ಯಗಳನ್ನು ಕೂಡಿಸಲು ನೆರವಾದನು. ಆತನು ಹಣವನ್ನು ತಾನೇ ಇಟ್ಟುಕೊಂಡುಬಿಟ್ಟಾನೆಂಬ ಸಂಶಯದಿಂದ ಹುಡುಗ ಅವನ ಬೆನ್ನಿಗೇ ಅಂಟಿಕೊಂಡು ಹೋಗಿ, ಆ ಗಂಟು ತಾಯಿಯ ಕೈ ಸೇರಿದ ಮೇಲೆಯೇ ಹಿಂದಿರುಗಿದನು. ನಗು ಇಮ್ಮಡಿಸಿತು. ಅನಂತರ ಆತನು ತಾಯಿ ಹಾಡುವ ರೀತಿಯನ್ನು ಅನುಕರಿಸಿದನು. ಅವಳ ಕಂಠ ಒಡೆದುದನ್ನೂ ಹಾಗೆಯೇ ಅನುಕರಿಸಿ ತೋರಿಸಿದನು. ತಾನು ಯಾರ ನೋವನ್ನು ಆಡಿ ತೋರಿಸುತ್ತಿರುವೆನೆಂಬುದು ಆ ವಯಸ್ಸಿನಲ್ಲಿ ಅವನಿಗೆ ತಿಳಿದಿರಲಾರದು. ಅದು ಅವನ ಮೊದಲ ಪ್ರದರ್ಶನ. ರಂಗದ ಮೇಲೆ ತಾಯಿಯದು ಬಹುಮಟ್ಟಿಗೆ ಕೊನೆಯದು.

ಹ್ಯಾನಾ ಹೊಲಿಗೆಯ ಕೆಲಸಕ್ಕೆ ಕುಳಿತಳು. ಸಾಲಕ್ಕೆ ತಂದ ಹೊಲಿಗೆಯಂತ್ರವೂ ಕೈಬಿಟ್ಟಿತು. ಬಾಡಿಗೆ ಕೊಡಲಾಗದೆ ಕೋಣೆಯಿಂದ ಕೋಣೆಗೆ ಅಲೆದು, 1896ರಲ್ಲಿ ತಾಯಿಮಕ್ಕಳು ಮೂವರೂ ಲ್ಯಾಂಬೆತ್‌ನ ನಿರ್ಗತಿಕರ ಗೃಹವನ್ನು ಸೇರಬೇಕಾಯಿತು. ಅಲ್ಲಿ ದೊಡ್ಡವರನ್ನು ಒಂದು ಕಡೆಗೆ, ಮಕ್ಕಳನ್ನು ಇನ್ನೊಂದು ಕಡೆಗೆ ಬೇರ್ಪಡಿಸುತ್ತಿದ್ದರು. ಮಕ್ಕಳನ್ನು ಸ್ವಲ್ಪ ದಿನಗಳಲ್ಲೇ ಊರಾಚೆಯ ಹ್ಯಾನ್‌ವೆಲ್ ಎಂಬಲ್ಲಿದ್ದ ಅನಾಥ ಮಕ್ಕಳ ಶಾಲೆಗೆ ಕಳುಹಿಸಿದರು. ಒಮ್ಮೆ ಹ್ಯಾನಾ ಒಂದು ಉಪಾಯ ಹೂಡಿದಳು. ಮಕ್ಕಳೊಡನೆ ತಾನು ಗೃಹವನ್ನು ಬಿಟ್ಟು ಹೋಗುವುದಾಗಿ ಅಧಿಕಾರಿಗಳಿಗೆ ತಿಳಿಸಿ ಮೂವರೂ ತಮ್ಮ ಹಳೆಯ ಬಟ್ಟೆಗಳನ್ನು ಪಡೆದು ಹೊರಬಂದರು. ಸಿಡ್ನಿಯ ಬಳಿ ಇದ್ದ ಒಂಬತ್ತು ಪೆನ್ನಿಯಲ್ಲಿ ಚೆರಿ ಹಣ್ಣು ಕೊಂಡು, ಉದ್ಯಾನದ ಬೆಂಚಿನ ಮೇಲೆ ಕುಳಿತು ತಿಂದರು. ವೃತ್ತಪತ್ರಿಕೆಯ ಹಾಳೆಯನ್ನು ಚೆಂಡಿನಂತೆ ಸುತ್ತಿ ಆಡಿದರು. ಉಳಿದ ಕಾಸಿನಲ್ಲಿ ಚಹಾ ಕುಡಿದರು. ಸಂಜೆಯ ಹೊತ್ತಿಗೆ ಮತ್ತೆ ಗೃಹದ ಬಾಗಿಲಿಗೆ ಬಂದು ನಿಂತರು. ನಿಯಮಗಳನ್ನೆಲ್ಲ ಮತ್ತೆ ಮೊದಲಿನಿಂದ ನಡೆಸಬೇಕಾಗಿ ಬಂದ ಅಧಿಕಾರಿಗಳು ಸಿಡಿಮಿಡಿಗೊಂಡರು. ಆ ಒಂದು ದಿನದ ಸುಖವನ್ನು ಚಾರ್ಲಿ ಮುಪ್ಪಿನಲ್ಲಿ ಆತ್ಮಕಥೆ ಬರೆಯುವಾಗಲೂ ಮರೆತಿರಲಿಲ್ಲ.

ಚಾರ್ಲಿಗೆ ಅಭಿನಯದ ಗುರು ಯಾರೆಂದು ಕೇಳಿದರೆ ತಾಯಿಯೆಂದೇ ಹೇಳಬೇಕು. ಆಕೆ ಕಿಟಕಿಯ ಬಳಿ ಕುಳಿತು ಬೀದಿಯಲ್ಲಿ ಹೋಗುವವರನ್ನು ನೋಡುತ್ತಿದ್ದಳು. ಯಾರ ನಡಿಗೆ ಹೇಗೆ, ಯಾರ ಮುಖದಲ್ಲಿ ಯಾವ ಚಿಂತೆ, ಯಾರು ಮನೆಯಲ್ಲಿ ಜಗಳವಾಡಿ ಬಂದಿದ್ದಾರೆ ಎಂಬುದನ್ನು ಕೈ ಕಣ್ಣುಗಳಿಂದಲೇ ಮಕ್ಕಳಿಗೆ ಆಡಿ ತೋರಿಸುತ್ತಿದ್ದಳು. ಮನುಷ್ಯರನ್ನು ಮಾತಿಗಿಂತ ಮೊದಲು ಮೈಯಿಂದ ಅರಿಯುವ ವಿದ್ಯೆಯನ್ನು ಮಗ ಆ ಕಿಟಕಿಯ ಬಳಿಯೇ ಕಲಿತನು.

ಇನ್ನೊಂದು ಪಾಠವನ್ನು ಬೀದಿ ಕಲಿಸಿತು. ಅವರ ಮನೆಯ ಬೀದಿಯ ಕೊನೆಯಲ್ಲಿ ಒಂದು ಕಸಾಯಿಖಾನೆಯಿತ್ತು. ಒಂದು ದಿನ ಅಲ್ಲಿಗೆ ಹೊಡೆದುಕೊಂಡು ಹೋಗುತ್ತಿದ್ದ ಕುರಿಯೊಂದು ತಪ್ಪಿಸಿಕೊಂಡು ಬೀದಿಯಲ್ಲಿ ಓಡಿತು. ಹಿಡಿಯಲು ಬಂದವರು ಒಬ್ಬರ ಮೇಲೊಬ್ಬರು ಬಿದ್ದರು. ಕುರಿ ಹಾರಿತು, ಜನ ಎಡವಿದರು. ನೋಡುವವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಚಾರ್ಲಿಯೂ ನಕ್ಕನು. ಕುರಿ ಸಿಕ್ಕಿಬಿದ್ದು, ಅದನ್ನು ಎಳೆದುಕೊಂಡು ಹೋದಾಗ ಮುಂದೇನಾಗುವುದೆಂಬುದು ಅವನಿಗೆ ಹೊಳೆಯಿತು. ಅಳುತ್ತ ಮನೆಗೆ ಓಡಿ ತಾಯಿಯನ್ನು ಅಪ್ಪಿಕೊಂಡನು. ತನ್ನ ಚಿತ್ರಗಳಲ್ಲಿ ನಗುವೂ ಅಳುವೂ ಒಂದರೊಳಗೊಂದು ಬೆರೆತುಹೋದುದಕ್ಕೆ ಈ ಘಟನೆಯೇ ಬೀಜವಾಗಿರಬಹುದೆಂದು ಆತನೇ ಮುಂದೆ ಊಹಿಸಿದ್ದಾನೆ. ಊಹೆ ಸರಿಯಿರಲಿ ಬಿಡಲಿ, ಅವನ ಉತ್ತಮ ಚಿತ್ರಗಳನ್ನು ನೋಡಿದವರಿಗೆ ಆ ಕುರಿ ಎಲ್ಲಿಯಾದರೂ ಒಂದು ಕಡೆ ಕಣ್ಣಿಗೆ ಬೀಳದೆ ಇರದು.

ಕಷ್ಟಗಳು ಅಲ್ಲಿಗೆ ಮುಗಿಯಲಿಲ್ಲ. 1898ರಲ್ಲಿ ತಾಯಿಗೆ ಚಿತ್ತಭ್ರಮೆ ತಲೆದೋರಿತು. ಮಕ್ಕಳು ಕೆಲಕಾಲ ತಂದೆಯ ಮನೆಯಲ್ಲಿದ್ದರು. ಅಲ್ಲಿ ಅವರಿಗೆ ಆದರ ದೊರೆಯಲಿಲ್ಲ. ಮೂರು ವರ್ಷಗಳಲ್ಲಿ ತಂದೆ ಕುಡಿತದಿಂದಲೇ ತೀರಿಕೊಂಡನು. ಆಗ ಅವನಿಗೆ ನಲವತ್ತೂ ತುಂಬಿರಲಿಲ್ಲ. 1903ರಲ್ಲಿ ತಾಯಿಯ ಕಾಯಿಲೆ ಮರುಕಳಿಸಿತು. ಅಣ್ಣ ಹಡಗಿನ ಕೆಲಸಕ್ಕೆ ಹೋಗಿದ್ದನು. ಹದಿನಾಲ್ಕು ವರ್ಷದ ಚಾರ್ಲಿಯೇ ತಾಯಿಯನ್ನು ಕೈಹಿಡಿದು ನಡೆಸಿಕೊಂಡು ಆಸ್ಪತ್ರೆಗೆ ಒಪ್ಪಿಸಿ, ಬರಿಯ ಕೋಣೆಗೆ ಒಬ್ಬನೇ ಹಿಂದಿರುಗಿದನು. ಆ ವೇಳೆಗೆ ಆತನು ಬಾಲಕರ ನೃತ್ಯತಂಡವೊಂದರಲ್ಲಿ ಕುಣಿದಿದ್ದನು, ಪತ್ರಿಕೆ ಮಾರಿದ್ದನು, ಮುದ್ರಣಾಲಯದಲ್ಲಿ, ಗಾಜಿನ ಕಾರ್ಖಾನೆಯಲ್ಲಿ, ವೈದ್ಯರ ಮನೆಯಲ್ಲಿ ಚಾಕರಿ ಮಾಡಿದ್ದನು. ಕೈಗೆ ಬಂದ ಕೆಲಸವನ್ನೆಲ್ಲ ಮಾಡುತ್ತಿದ್ದರೂ ನಟನಾಗಬೇಕೆಂಬ ಹಂಬಲ ಬಿಡಲಿಲ್ಲ. ಬೂಟಿಗೆ ಪಾಲಿಷ್ ಹಾಕಿಕೊಂಡು, ಇದ್ದ ಒಂದು ಅಂಗಿಯನ್ನು ಒಗೆದು ತೊಟ್ಟು ನಾಟಕದ ಏಜೆಂಟರ ಕಚೇರಿಗೆ ಎಡತಾಕುತ್ತಿದ್ದನು. ಅದೇ ವರ್ಷ ಷರ್ಲಾಕ್ ಹೋಮ್ಸ್ ನಾಟಕದಲ್ಲಿ ಹುಡುಗನ ಪಾತ್ರವೊಂದು ದೊರೆಯಿತು. ಪಾತ್ರದ ಮಾತುಗಳನ್ನು ಸರಾಗವಾಗಿ ಓದಲು ಅವನಿಗೆ ಬರುತ್ತಿರಲಿಲ್ಲ. ಊರಿಗೆ ಮರಳಿದ್ದ ಸಿಡ್ನಿ ಓದಿ ಹೇಳಿದನು. ತಮ್ಮ ಕೇಳಿ ಕೇಳಿಯೇ ಬಾಯಿಪಾಠ ಮಾಡಿದನು.

1908ರಲ್ಲಿ ಸಿಡ್ನಿಯ ಶಿಫಾರಸಿನಿಂದ ಫ್ರೆಡ್ ಕಾರ್ನೊ ಎಂಬಾತನ ಪ್ರಹಸನ ಮಂಡಲಿಯನ್ನು ಚಾರ್ಲಿ ಸೇರಿದನು. ಮಾತಿಗಿಂತ ಅಂಗಾಭಿನಯವೇ ಮುಖ್ಯವಾಗಿದ್ದ ಆ ಮಂಡಲಿ ಅವನಿಗೆ ಹೇಳಿಮಾಡಿಸಿದ ಶಾಲೆಯಾಯಿತು. ಅದರೊಡನೆ ಎರಡು ಸಲ ಅಮೆರಿಕಕ್ಕೆ ಹೋದನು. ಎರಡನೆಯ ಸಲ ಹೋದಾಗ ಅವನ ಆಟವನ್ನು ಮೆಚ್ಚಿಕೊಂಡ ಕೀಸ್ಟೋನ್ ಎಂಬ ಚಲನಚಿತ್ರ ಸಂಸ್ಥೆ ವಾರಕ್ಕೆ 150 ಡಾಲರ್ ಸಂಬಳದ ಮೇಲೆ ಕರೆಸಿಕೊಂಡಿತು.

ಕೀಸ್ಟೋನಿನ ಚಿತ್ರಗಳೆಂದರೆ ಓಟ, ಬೀಳುವಿಕೆ, ಪೊಲೀಸರ ದಂಡು, ಮುಖಕ್ಕೆ ರಾಚುವ ತಿಂಡಿ. ಚಾರ್ಲಿಯ ಮೊದಲ ಚಿತ್ರ 1914ರ ಫೆಬ್ರವರಿಯಲ್ಲಿ ಬಂದಿತು. ಅದು ಅವನಿಗೇ ಹಿಡಿಸಲಿಲ್ಲ. ಮುಂದಿನ ಚಿತ್ರಕ್ಕೆ ಏನಾದರೊಂದು ಹಾಸ್ಯದ ವೇಷ ಹಾಕಿಕೊಂಡು ಬರಬೇಕೆಂದು ಹೇಳಿದಾಗ ಆತನು ಉಡುಪಿನ ಕೋಣೆಗೆ ಹೋಗಿ, ಒಂದಕ್ಕೊಂದು ಹೊಂದದ ಬಟ್ಟೆಗಳನ್ನು ಬೇಕೆಂದೇ ಆರಿಸಿಕೊಂಡನು. ಷರಾಯಿ ದೊಡ್ಡದು, ಕೋಟು ಚಿಕ್ಕದು. ಟೋಪಿ ಚಿಕ್ಕದು, ಬೂಟು ದೊಡ್ಡದು. ಎಳೆಯ ಮುಖ ಸ್ವಲ್ಪ ವಯಸ್ಸಾದಂತೆ ಕಾಣಲೆಂದು ಗಿಡ್ಡ ಮೀಸೆ ಅಂಟಿಸಿಕೊಂಡನು. ದೊಡ್ಡದಾದರೆ ಮುಖಭಾವ ಮುಚ್ಚಿಹೋಗುವುದೆಂಬ ವಿವೇಕ ಅದರಲ್ಲಿತ್ತು. ಈ ವೇಷದ ಅಲೆಮಾರಿಗೆ ಊರಿಲ್ಲ, ಮನೆಯಿಲ್ಲ, ಕಿಸೆಯಲ್ಲಿ ಕಾಸಿಲ್ಲ. ಆದರೆ ನಡತೆಯಲ್ಲಿ ಶ್ರೀಮಂತರನ್ನು ಮೀರಿಸಿದ ಠೀವಿ. ಬೀದಿಯಲ್ಲಿ ಬಿದ್ದ ಸಿಗರೇಟಿನ ತುಂಡನ್ನು ಹೆಕ್ಕಿದರೂ ಅದನ್ನು ರಾಜಕುಮಾರನಂತೆ ಹಿಡಿಯುತ್ತಾನೆ. ಒದೆ ತಿಂದು ಬಿದ್ದರೂ ಎದ್ದ ಕೂಡಲೇ ಮೊದಲು ಟೋಪಿಯನ್ನು ಸರಿಪಡಿಸಿಕೊಳ್ಳುತ್ತಾನೆ. ಬಡವನಿಗೂ ಮರ್ಯಾದೆಯುಂಟೆಂಬುದನ್ನು ಇಷ್ಟು ಸಣ್ಣ ಚಲನೆಯಲ್ಲಿ ಹೇಳಬಲ್ಲ ನಟ ಅಪರೂಪ.

ಮುಂದಿನ ಏಳಿಗೆ ಕಥೆಗಳಲ್ಲಿ ಮಾತ್ರ ನಡೆಯುವಂಥದು. ವರ್ಷವೊಂದರಲ್ಲಿ ಮೂವತ್ತೈದು ಚಿತ್ರಗಳಿಗೆ ಮೀರಿ ನಟಿಸಿದನು. ಅವುಗಳಲ್ಲಿ ಅನೇಕವನ್ನು ತಾನೇ ನಿರ್ದೇಶಿಸಿದನು. 1916ರಲ್ಲಿ ಮ್ಯೂಚುಯಲ್ ಸಂಸ್ಥೆ ವರ್ಷಕ್ಕೆ 6,70,000 ಡಾಲರ್ ಕೊಡಲು ಒಪ್ಪಿತು. ಆಗ ಅವನ ವಯಸ್ಸು 26. ನಿರ್ಗತಿಕರ ಗೃಹದ ಹುಡುಗನು ಪ್ರಪಂಚದಲ್ಲೇ ಅತ್ಯಂತ ಹೆಚ್ಚು ಸಂಬಳ ಪಡೆಯುವವರ ಸಾಲಿಗೆ ಸೇರಿದನು. 1919ರಲ್ಲಿ ಮೇರಿ ಪಿಕ್‌ಫರ್ಡ್, ಡಗ್ಲಸ್ ಫೇರ್‌ಬ್ಯಾಂಕ್ಸ್, ಡಿ. ಡಬ್ಲ್ಯೂ. ಗ್ರಿಫಿತ್ ಇವರೊಡನೆ ಕೂಡಿ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಸ್ವಂತ ಸಂಸ್ಥೆಯನ್ನೇ ಕಟ್ಟಿದನು.

ಅವನ ಹಾಸ್ಯ ಸುಲಭವಾಗಿ ಹರಿದು ಬಂದಂತೆ ಕಾಣುತ್ತದೆ. ಅದರ ಹಿಂದಿನ ಶ್ರಮ ಬಲು ಕಠಿಣವಾದುದು. ಮನಸ್ಸಿಗೆ ಒಪ್ಪುವವರೆಗೆ ಒಂದೇ ದೃಶ್ಯವನ್ನು ಹತ್ತಾರು ಸಲ, ನೂರಾರು ಸಲ ತೆಗೆಯುತ್ತಿದ್ದನು. 1917ರ ‘ದಿ ಇಮಿಗ್ರೆಂಟ್’ ಎಂಬ ಕಿರುಚಿತ್ರಕ್ಕೆ ಸುಮಾರು 90,000 ಅಡಿ ಫಿಲ್ಮ್ ತೆಗೆದು, ರಾತ್ರಿ ಹಗಲೆನ್ನದೆ ಕತ್ತರಿಸಿ 1,800 ಅಡಿಗಳಿಗೆ ಇಳಿಸಿದನು. ಸಹನಟರಿಗೆ ಪ್ರತಿಯೊಂದು ಪಾತ್ರವನ್ನೂ ತಾನೇ ಆಡಿ ತೋರಿಸುತ್ತಿದ್ದನು. ಅವನೊಡನೆ ಕೆಲಸ ಮಾಡುವುದು ಸುಖದ ವಿಷಯವಾಗಿರಲಿಲ್ಲ.

ಟೆಲಿವಿಷನ್ನಿನಲ್ಲಿ ಈ ಚಿತ್ರಗಳನ್ನು ನೋಡಿದವರು ಆ ಕಾಲದ ಜನರೆಲ್ಲ ಹಾಗೆ ದಡಬಡನೆ ನಡೆಯುತ್ತಿದ್ದರೋ ಏನೋ ಎಂದು ಭಾವಿಸುವುದುಂಟು. ಕಾರಣ ಬೇರೆ. ಆಗ ಕ್ಯಾಮರಾದ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದರು. ಸೆಕೆಂಡಿಗೆ ಸಾಮಾನ್ಯವಾಗಿ 16ರಿಂದ 18 ಚಿತ್ರಗಳು ಮೂಡುತ್ತಿದ್ದವು. ಮಾತಿನ ಚಿತ್ರ ಬಂದ ಮೇಲೆ ಸೆಕೆಂಡಿಗೆ 24 ಎಂಬ ನಿಯಮವಾಯಿತು. ಹಳೆಯ ಚಿತ್ರವನ್ನು ಹೊಸ ವೇಗದಲ್ಲಿ ಓಡಿಸಿದರೆ ನಡಿಗೆಯೆಲ್ಲ ಓಟವಾಗುತ್ತದೆ. ಹಾಸ್ಯನಟರು ಕೆಲವೊಮ್ಮೆ ಬೇಕೆಂದೇ ಹಿಡಿಯನ್ನು ನಿಧಾನವಾಗಿ ತಿರುಗಿಸಿ ಈ ಪರಿಣಾಮವನ್ನು ಸಾಧಿಸುತ್ತಿದ್ದುದೂ ಉಂಟು. ಸರಿಯಾದ ವೇಗದಲ್ಲಿ ನೋಡಿದಾಗ ಚಾರ್ಲಿಯ ಚಲನೆ ನೃತ್ಯಕ್ಕೆ ಹತ್ತಿರವಾದುದೆಂಬುದು ತಿಳಿಯುತ್ತದೆ.

1919ರಲ್ಲಿ ಅವನ ಚೊಚ್ಚಲ ಮಗು ಹುಟ್ಟಿದ ಮೂರೇ ದಿನಗಳಲ್ಲಿ ತೀರಿಕೊಂಡಿತು. ಅದಾದ ಸ್ವಲ್ಪ ಕಾಲದಲ್ಲೇ ‘ದಿ ಕಿಡ್’ ಎಂಬ ಚಿತ್ರವನ್ನು ಕೈಗೆತ್ತಿಕೊಂಡನು. ಬೀದಿಯಲ್ಲಿ ಸಿಕ್ಕಿದ ಅನಾಥ ಶಿಶುವನ್ನು ಅಲೆಮಾರಿಯೊಬ್ಬನು ಸಾಕುವ ಕಥೆ ಅದು. ಮಗುವಿನ ಪಾತ್ರವನ್ನು ಜಾಕಿ ಕೂಗನ್ ಎಂಬ ಪುಟ್ಟ ಹುಡುಗನು ವಹಿಸಿದನು. ಅಧಿಕಾರಿಗಳು ಬಂದು ಮಗುವನ್ನು ಅನಾಥಾಲಯಕ್ಕೆ ಒಯ್ಯುವಾಗ ಹುಡುಗನು ಕೈಚಾಚಿ ಅಳುತ್ತಾನೆ. ಅಲೆಮಾರಿ ಮಾಳಿಗೆಯಿಂದ ಮಾಳಿಗೆಗೆ ಹಾರಿ ಓಡಿ ಮಗುವನ್ನು ಮರಳಿ ಪಡೆಯುತ್ತಾನೆ. ಈ ದೃಶ್ಯವನ್ನು ತೆಗೆಯುವಾಗ ಹುಡುಗನಿಗೆ ಅಳು ಬರಲಿಲ್ಲವಂತೆ. ಅಳದಿದ್ದರೆ ನಿಜವಾಗಿಯೂ ನಿರ್ಗತಿಕರ ಗೃಹಕ್ಕೆ ಕಳುಹಿಸಿಬಿಡುವರೆಂದು ಅವನ ತಂದೆಯೇ ಬೆದರಿಸಿದ ಮೇಲೆ ಬಿಕ್ಕಿಬಿಕ್ಕಿ ಅತ್ತನು. ಆಮೇಲೆ ಚಾರ್ಲಿ ಎತ್ತಿಕೊಂಡು ಸಮಾಧಾನ ಮಾಡಿದನು. ಆ ಬೆದರಿಕೆಯ ಅರ್ಥ ಆ ಜಾಗದಲ್ಲಿದ್ದವರಲ್ಲಿ ಚಾರ್ಲಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರಲಾರದು. ಚಿತ್ರ 1921ರಲ್ಲಿ ಬಿಡುಗಡೆಯಾಯಿತು. ಅದೇ ವರ್ಷ ಆತನು ತಾಯಿಯನ್ನು ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಕ್ಕೆ ಕರೆತಂದು, ಮನೆ ಮಾಡಿಕೊಟ್ಟು, ದಾದಿಯರನ್ನು ನೇಮಿಸಿದನು. ಆಕೆ 1928ರವರೆಗೆ ಬದುಕಿದ್ದಳು.

1925ರಲ್ಲಿ ಬಂದ ‘ದಿ ಗೋಲ್ಡ್ ರಷ್’ ಚಿತ್ರದಲ್ಲಿ ಹಸಿದ ಚಾರ್ಲಿ ತನ್ನ ಬೂಟನ್ನೇ ಬೇಯಿಸಿ ಬಡಿಸಿಕೊಳ್ಳುತ್ತಾನೆ. ಬೂಟಿನ ದಾರವನ್ನು ಶಾವಿಗೆಯಂತೆ ಸುತ್ತಿ ಸುತ್ತಿ ಬಾಯಿಗಿಡುತ್ತಾನೆ. ಮೊಳೆಗಳನ್ನು ಮೂಳೆಗಳಂತೆ ಚೀಪುತ್ತಾನೆ. ಚಿತ್ರೀಕರಣಕ್ಕಾಗಿ ಆ ಬೂಟನ್ನು ಜ್ಯೇಷ್ಠಮಧುವಿನ ಮಿಠಾಯಿಯಿಂದ ಮಾಡಿದ್ದರು. ಹಸಿವನ್ನು ಕಂಡವನಲ್ಲದೆ ಹಸಿವನ್ನು ಕುರಿತು ಹೀಗೆ ನಗಲಾರನು.

1927ರಲ್ಲಿ ಅಮೆರಿಕದಲ್ಲಿ ಚಿತ್ರಗಳು ಮಾತನಾಡತೊಡಗಿದವು. ಭಾರತದಲ್ಲಿ 1931ರಲ್ಲಿ ‘ಆಲಂ ಆರಾ’, ಕನ್ನಡದಲ್ಲಿ 1934ರಲ್ಲಿ ‘ಸತಿ ಸುಲೋಚನಾ’ ಬಂದವು. ಪ್ರೇಕ್ಷಕರು ಮೂಕಚಿತ್ರಗಳಿಗೆ ಬೆನ್ನು ತಿರುಗಿಸಿದರು. ಹೆಸರಾಂತ ಮೂಕನಟರು ಒಬ್ಬೊಬ್ಬರಾಗಿ ಮರೆಯಾದರು. ಚಾರ್ಲಿಯ ಮುಂದೆ ಕಠಿಣವಾದ ಪ್ರಶ್ನೆ ನಿಂತಿತು. ಅಲೆಮಾರಿ ಮಾತನಾಡಿದರೆ ಇಂಗ್ಲಿಷಿನಲ್ಲಿ ಮಾತನಾಡಬೇಕು. ಇಂಗ್ಲಿಷ್ ಆಡಿದ ಕ್ಷಣದಿಂದ ಆತನು ಒಂದು ದೇಶದವನಾಗುತ್ತಾನೆ. ಚೀನದ ರೈತನಿಗೂ ಕನ್ನಡದ ಕೂಲಿಗೂ ಪರಕೀಯನಾಗುತ್ತಾನೆ. ಎಲ್ಲರೂ ಬೇಡವೆಂದರೂ ಆತನು ಸ್ವಂತ ಹಣವನ್ನು ಹೂಡಿ ಮತ್ತೊಂದು ಮೂಕಚಿತ್ರವನ್ನೇ ತೆಗೆಯಲು ನಿಶ್ಚಯಿಸಿದನು. ಅದೇ ‘ಸಿಟಿ ಲೈಟ್ಸ್’.

ಕುರುಡಿಯಾದ ಹೂವಾಡಗಿತ್ತಿಯೊಬ್ಬಳು ಬಡ ಅಲೆಮಾರಿಯನ್ನು ಧನಿಕನೆಂದು ತಪ್ಪಾಗಿ ತಿಳಿಯುತ್ತಾಳೆ. ಕಥೆಯೆಲ್ಲ ಅದರ ಮೇಲೆ ನಿಂತಿದೆ. ಮಾತಿನ ಚಿತ್ರವಾಗಿದ್ದರೆ ಒಂದು ವಾಕ್ಯದಲ್ಲಿ ಮುಗಿಯುತ್ತಿದ್ದ ಕೆಲಸ. ಮಾತಿಲ್ಲದೆ, ಕಣ್ಣಿಲ್ಲದವಳಿಗೆ, ಆ ತಪ್ಪು ತಿಳಿವಳಿಕೆಯನ್ನು ಉಂಟುಮಾಡುವುದು ಹೇಗೆ? ಚಾರ್ಲಿ ತಿಂಗಳುಗಟ್ಟಲೆ ಚಿಂತಿಸಿದನು. ಆ ದೃಶ್ಯವನ್ನು ಮುನ್ನೂರಕ್ಕೂ ಹೆಚ್ಚು ಬಾರಿ ತೆಗೆದನು. ನಾಯಕಿಯಾಗಿದ್ದ ವರ್ಜೀನಿಯ ಚೆರಿಲ್ಲಳನ್ನು ನಡುವೆ ಕೆಲಸದಿಂದ ತೆಗೆದು, ಮತ್ತೆ ಕರೆಸಿಕೊಂಡನು. ಕೊನೆಗೆ ಹೊಳೆದ ಪರಿಹಾರ ಬಲು ಸರಳ. ಪೊಲೀಸನಿಂದ ತಪ್ಪಿಸಿಕೊಳ್ಳಲು ಅಲೆಮಾರಿ ರಸ್ತೆಯಲ್ಲಿ ನಿಂತಿದ್ದ ಕಾರಿನ ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದರಿಂದ ಹೊರಬರುತ್ತಾನೆ. ಬಾಗಿಲು ಮುಚ್ಚಿದ ಶಬ್ದ ಕೇಳಿ ಹುಡುಗಿ ಹೂವನ್ನು ಮುಂದೆ ಚಾಚುತ್ತಾಳೆ. ಕೈಯಿಂದ ಜಾರಿಬಿದ್ದ ಹೂವಿಗಾಗಿ ಆಕೆ ನೆಲವನ್ನು ತಡಕಾಡುವಾಗ ಅವನಿಗೆ ವಿಷಯ ತಿಳಿಯುತ್ತದೆ. ತನ್ನಲ್ಲಿದ್ದ ಒಂದೇ ನಾಣ್ಯವನ್ನು ಕೊಡುತ್ತಾನೆ. ಆಕೆ ಚಿಲ್ಲರೆ ಕೊಡುವಷ್ಟರಲ್ಲಿ ಕಾರಿನ ನಿಜವಾದ ಒಡೆಯ ಬಂದು ಕುಳಿತು, ಬಾಗಿಲು ಮುಚ್ಚಿ, ಹೊರಟುಹೋಗುತ್ತಾನೆ. ಚಿಲ್ಲರೆಯನ್ನೂ ಬಿಟ್ಟುಹೋದ ಧನಿಕನೆಂದು ಆಕೆ ನಂಬುತ್ತಾಳೆ. ಅವಳ ನಂಬಿಕೆಯನ್ನು ಕೆಡಿಸಲಾರದೆ ಅಲೆಮಾರಿ ತುದಿಗಾಲಿನಲ್ಲಿ ಹಿಂದೆ ಸರಿದು ಮೂಲೆಯಲ್ಲಿ ಕುಳಿತು ನೋಡುತ್ತಾನೆ. ನೋಡುವವರ ಗಂಟಲು ಬಿಗಿಯುವ ಆ ಗಳಿಗೆಯಲ್ಲಿ ಹುಡುಗಿ ಹೂವಿನ ಪಾತ್ರೆಯನ್ನು ತೊಳೆದ ನೀರನ್ನು ಅರಿಯದೆ ಅವನ ಮುಖಕ್ಕೇ ಚೆಲ್ಲುತ್ತಾಳೆ. ಕುರಿಯ ಕಥೆ ಇಲ್ಲಿ ತಲೆಕೆಳಗಾಗಿದೆ: ಮೊದಲು ಕಣ್ಣೀರು, ಒಡನೆಯೇ ನಗು.

1931ರ ಜನವರಿ 30ರಂದು ಲಾಸ್ ಏಂಜಲೀಸಿನಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ವಿಜ್ಞಾನಿ ಐನ್‌ಸ್ಟೈನ್ ಅತಿಥಿಯಾಗಿ ಬಂದಿದ್ದರು. ಚಿತ್ರ ಅಭೂತಪೂರ್ವ ಯಶಸ್ಸನ್ನು ಪಡೆಯಿತು.

ಆ ವರ್ಷ ಚಾರ್ಲಿ ಲೋಕಪರ್ಯಟನೆಗೆ ಹೊರಟನು. ಸೆಪ್ಟೆಂಬರ್ 22ರಂದು ಲಂಡನ್ನಿನ ಪೂರ್ವಭಾಗದ ಬಡಜನರ ಕೇರಿಯಲ್ಲಿ, ಡಾಕ್ಟರ್ ಕಟಿಯಾಲ್ ಎಂಬ ಭಾರತೀಯರ ಮನೆಯಲ್ಲಿ ಮಹಾತ್ಮ ಗಾಂಧೀಜಿಯವರನ್ನು ಕಂಡನು. ಗಾಂಧೀಜಿ ದುಂಡುಮೇಜಿನ ಪರಿಷತ್ತಿಗಾಗಿ ಅಲ್ಲಿಗೆ ಹೋಗಿದ್ದರು. ಅವರು ಚಾರ್ಲಿಯ ಚಿತ್ರಗಳನ್ನು ನೋಡಿರಲಿಲ್ಲ. ಭಾರತದ ಸ್ವಾತಂತ್ರ್ಯದ ಬಗೆಗೆ ತನಗೆ ಸಹಾನುಭೂತಿ ಇರುವುದಾಗಿ ತಿಳಿಸಿ, ಯಂತ್ರಗಳನ್ನು ಅವರು ಏಕೆ ವಿರೋಧಿಸುವರೆಂದು ಚಾರ್ಲಿ ಪ್ರಶ್ನಿಸಿದನು. ಯಂತ್ರದಿಂದ ನೇಯ್ದು ಬಂದ ಬಟ್ಟೆಯೇ ತಮ್ಮ ದೇಶವನ್ನು ಇಂಗ್ಲೆಂಡಿಗೆ ಅಧೀನವಾಗಿಸಿದೆಯೆಂದೂ, ಆದ್ದರಿಂದ ನೂಲುವುದು, ನೇಯುವುದು ಪ್ರತಿಯೊಬ್ಬ ಭಾರತೀಯನಿಗೆ ದೇಶಸೇವೆಯಾಗಿದೆಯೆಂದೂ ಗಾಂಧೀಜಿ ವಿವರಿಸಿದರು. ಮಾತು ಮುಗಿದ ಮೇಲೆ ಅವರ ಪ್ರಾರ್ಥನೆಯನ್ನು ಚಾರ್ಲಿ ಮೌನವಾಗಿ ಕುಳಿತು ನೋಡಿದನು.

ಈ ಭೇಟಿಯಿಂದಲೇ ‘ಮಾಡರ್ನ್ ಟೈಮ್ಸ್’ ಹುಟ್ಟಿತೆಂದು ಹೇಳುವುದು ಅತಿಯಾದೀತು. ಅಮೆರಿಕದ ಕಾರ್ಖಾನೆಗಳನ್ನೂ ನಿರುದ್ಯೋಗವನ್ನೂ ಆತನು ಕಣ್ಣಾರೆ ಕಂಡಿದ್ದನು. ಆದರೂ ಮನುಷ್ಯನು ಯಂತ್ರದ ಒಡೆಯನೋ ಆಳೋ ಎಂಬ ಪ್ರಶ್ನೆ 1936ರ ಈ ಚಿತ್ರದ ಉಸಿರು. ಕುರಿಗಳ ಹಿಂಡೊಂದು ತೆರೆಯ ಮೇಲೆ ಬರುತ್ತದೆ. ಅದು ಕರಗಿ ಕಾರ್ಖಾನೆಗೆ ನುಗ್ಗುವ ಕೆಲಸಗಾರರ ಹಿಂಡಾಗುತ್ತದೆ. ಚಾರ್ಲಿಯ ಕೆಲಸ ಚಲಿಸುವ ಪಟ್ಟಿಯ ಮೇಲೆ ಬರುವ ತಿರುಪುಗಳನ್ನು ಬಿಗಿಯುವುದು. ಮೂಗು ತುರಿಸಿಕೊಳ್ಳಲು ಬಿಡುವಿಲ್ಲ. ಊಟದ ಸಮಯವನ್ನು ಉಳಿಸಲೆಂದು ಕೆಲಸಗಾರನಿಗೆ ತುತ್ತಿಡುವ ಯಂತ್ರವೊಂದನ್ನು ಅವನ ಮೇಲೆ ಪರೀಕ್ಷಿಸುತ್ತಾರೆ. ಕೆಲಸ ನಿಂತ ಮೇಲೂ ಅವನ ಕೈಗಳು ತಿರುಪು ಬಿಗಿಯುತ್ತಲೇ ಇರುತ್ತವೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ಬೀದಿಗಳಲ್ಲಿ ಬೆಳೆದವರಿಗೆ ಈ ದೃಶ್ಯ ದೂರದ ಅಮೆರಿಕದ್ದೆನಿಸದು. ಅಲ್ಲಿ ಮನೆಮನೆಯಿಂದಲೂ ಲಾಳಿಯ ಸದ್ದು ಕೇಳಿಬರುತ್ತದೆ. ಮಗ್ಗ ನಿಂತ ಮೇಲೂ ಕೆಲಸಗಾರನ ಕಿವಿಯಲ್ಲಿ ಅದು ಬಹಳ ಹೊತ್ತು ನಿಲ್ಲುವುದಿಲ್ಲ. ಗಾಂಧೀಜಿಯ ಮಾತಿಗೂ ಚಾರ್ಲಿಯ ಚಿತ್ರಕ್ಕೂ ವಿದ್ಯುತ್ ಮಗ್ಗದಿಂದಲೇ ಅನ್ನ ಕಾಣುವ ಕುಟುಂಬ ಏನು ಉತ್ತರ ಹೇಳೀತೆಂಬುದು ವಿಚಾರ ಮಾಡತಕ್ಕ ವಿಷಯ.

ಈ ಚಿತ್ರದ ಕೊನೆಯ ಭಾಗದಲ್ಲಿ ಅಲೆಮಾರಿಯ ಧ್ವನಿ ಮೊದಲ ಬಾರಿಗೆ ಕೇಳುತ್ತದೆ. ಆತನು ಹಾಡುತ್ತಾನೆ, ಆದರೆ ಹಾಡಿನ ಪದಗಳು ಯಾವ ಭಾಷೆಯವೂ ಅಲ್ಲ. ಅರ್ಥವಿಲ್ಲದ ಶಬ್ದಗಳು, ಅರ್ಥವನ್ನು ಹೇಳುವುದೆಲ್ಲ ಕೈ ಮತ್ತು ಕಣ್ಣು. ಮಾತು ಬೇಕೆಂದು ಹಠ ಹಿಡಿದ ಕಾಲಕ್ಕೆ ಚಾರ್ಲಿ ಕೊಟ್ಟ ಉತ್ತರ ಇದು. ಅಲೆಮಾರಿ ಅಲ್ಲಿಗೆ ತೆರೆಯಿಂದ ನಿರ್ಗಮಿಸಿದನು.

ಜರ್ಮನಿಯ ಸರ್ವಾಧ್ಯಕ್ಷ ಹಿಟ್ಲರ್ ಹುಟ್ಟಿದ್ದು ಚಾರ್ಲಿಗಿಂತ ನಾಲ್ಕೇ ದಿನ ತಡವಾಗಿ. ಇಬ್ಬರ ಮೀಸೆಯೂ ಒಂದೇ ಬಗೆಯದು. 1940ರ ‘ದಿ ಗ್ರೇಟ್ ಡಿಕ್ಟೇಟರ್’ ಚಿತ್ರದಲ್ಲಿ ಚಾರ್ಲಿ ಸರ್ವಾಧಿಕಾರಿಯಾಗಿಯೂ ಅವನಂತೆಯೇ ಕಾಣುವ ಯಹೂದಿ ಕ್ಷೌರಿಕನಾಗಿಯೂ ಎರಡು ಪಾತ್ರಗಳನ್ನು ವಹಿಸಿದನು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಇಂಥ ಚಿತ್ರ ಬೇಡವೆಂದು ಹಲವರು ಹೆದರಿಸಿದರು. ಆತನು ಕೇಳಲಿಲ್ಲ. ಸೆರೆಶಿಬಿರಗಳ ನಿಜವಾದ ಘೋರತೆ ಆಗ ತಿಳಿದಿದ್ದರೆ ಆ ಹುಚ್ಚನ್ನು ಕುರಿತು ನಗುವುದು ತನ್ನಿಂದ ಆಗುತ್ತಿರಲಿಲ್ಲವೆಂದು ಮುಂದೆ ಒಪ್ಪಿಕೊಂಡನು.

ಚಾರ್ಲಿಯ ಗೃಹಜೀವನ ಬಹುಕಾಲ ನೆಮ್ಮದಿಯದಾಗಿರಲಿಲ್ಲ. ಮೂರು ವಿವಾಹಗಳು ಮುರಿದುಬಿದ್ದವು. ಅದಕ್ಕೆ ಅವನ ತಪ್ಪೂ ಕಡಿಮೆಯಿರಲಿಲ್ಲ. 1943ರಲ್ಲಿ ನಾಟಕಕಾರ ಯೂಜೀನ್ ಓನೀಲ್‌ನ ಮಗಳು ಊನಾಳನ್ನು ವರಿಸಿದ ಮೇಲೆ ಸಂಸಾರ ನೆಲೆಗೊಂಡಿತು. ಅವರಿಗೆ ಎಂಟು ಮಕ್ಕಳಾದರು. ಆದರೆ ಹೊರಗೆ ಗಾಳಿ ತಿರುಗಿತ್ತು. ನಲವತ್ತು ವರ್ಷ ಅಮೆರಿಕದಲ್ಲಿದ್ದರೂ ಆ ದೇಶದ ಪೌರತ್ವವನ್ನು ಆತನು ಪಡೆದಿರಲಿಲ್ಲ. ಕಮ್ಯೂನಿಸ್ಟರ ಭಯ ಅಮೆರಿಕವನ್ನು ಆವರಿಸಿದ್ದ ದಿನಗಳವು. ಬಡವರ ಪರವಾಗಿ ಚಿತ್ರ ತೆಗೆದವನ ಮೇಲೆ ಸಂಶಯದ ಕಣ್ಣು ಬಿದ್ದಿತು. 1952ರ ಸೆಪ್ಟೆಂಬರಿನಲ್ಲಿ ‘ಲೈಮ್‌ಲೈಟ್’ ಚಿತ್ರದ ಬಿಡುಗಡೆಗಾಗಿ ಕುಟುಂಬ ಸಮೇತ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟನು. ಹಡಗು ನಡುಗಡಲಿನಲ್ಲಿದ್ದಾಗ ಆತನ ಮರುಪ್ರವೇಶದ ಅನುಮತಿಯನ್ನು ಅಮೆರಿಕ ಸರ್ಕಾರ ರದ್ದುಪಡಿಸಿದ ಸುದ್ದಿ ಬಂದಿತು. ಲೋಕಕ್ಕೆಲ್ಲ ಪರಿಚಿತನಾದ ಅಲೆಮಾರಿ ಅರವತ್ಮೂರನೆಯ ವಯಸ್ಸಿನಲ್ಲಿ ನಿಜವಾಗಿಯೂ ಮನೆ ಕಳೆದುಕೊಂಡನು. ಸ್ವಿಟ್ಜರ್‌ಲೆಂಡಿನ ವೆವೆ ಎಂಬ ಪಟ್ಟಣದ ಸಮೀಪದಲ್ಲಿ, ಸರೋವರದ ದಂಡೆಗೆ ಹತ್ತಿರವಾಗಿ ಮನೆ ಕೊಂಡು ಉಳಿದ ಬಾಳನ್ನು ಅಲ್ಲಿಯೇ ಕಳೆದನು. 1964ರಲ್ಲಿ ಆತ್ಮಕಥೆಯನ್ನು ಪ್ರಕಟಿಸಿದನು. ಬಾಲ್ಯವನ್ನು ಹೇಳುವ ಮೊದಲ ಅಧ್ಯಾಯಗಳೇ ಅದರಲ್ಲಿ ಶ್ರೇಷ್ಠವಾದುವು. ಖ್ಯಾತಿ ಬಂದ ಮೇಲಿನ ಪುಟಗಳು ದೊಡ್ಡವರ ಹೆಸರುಗಳಿಂದ ಭಾರವಾಗಿವೆ.

1972ರಲ್ಲಿ ಅಮೆರಿಕದ ಚಲನಚಿತ್ರ ಅಕಾಡೆಮಿ ವಿಶೇಷ ಪ್ರಶಸ್ತಿಯನ್ನು ನೀಡಲು ಕರೆಯಿತು. ಇಪ್ಪತ್ತು ವರ್ಷಗಳ ಮೇಲೆ ಅಳುಕುತ್ತಲೇ ಹೋದ ಮುದುಕನನ್ನು ಕಂಡು ಸಭೆ ಎದ್ದು ನಿಂತು ನಿಮಿಷಗಟ್ಟಲೆ ಚಪ್ಪಾಳೆ ತಟ್ಟಿತು. ಅವನಿಗೆ ಮಾತು ಹೊರಡಲಿಲ್ಲ. ಯಾರೋ ತಂದುಕೊಟ್ಟ ದುಂಡು ಟೋಪಿಯನ್ನು ತಲೆಗಿಟ್ಟುಕೊಂಡು ಹಳೆಯ ಚೇಷ್ಟೆಯೊಂದನ್ನು ಮಾಡಿ ತೋರಿಸಿದನು. 1975ರಲ್ಲಿ ಬ್ರಿಟನ್ನಿನ ರಾಣಿ ಅವನಿಗೆ ಸರ್ ಪದವಿಯನ್ನು ಕೊಟ್ಟರು. 1977ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ದಿನದ ಬೆಳಗಿನ ಜಾವ, ನಿದ್ರೆಯಲ್ಲಿಯೇ ಚಾರ್ಲಿ ತೀರಿಕೊಂಡನು.

ಆಮೇಲೆ ನಡೆದುದು ಅವನದೇ ಚಿತ್ರದ ಒಂದು ಸನ್ನಿವೇಶದಂತಿತ್ತು. 1978ರ ಮಾರ್ಚಿಯಲ್ಲಿ ಇಬ್ಬರು ಕಳ್ಳರು ರಾತ್ರೋರಾತ್ರಿ ಸಮಾಧಿಯನ್ನು ಅಗೆದು ಶವಪೆಟ್ಟಿಗೆಯನ್ನೇ ಹೊತ್ತೊಯ್ದರು. ದೊಡ್ಡ ಮೊತ್ತದ ಹಣಕ್ಕಾಗಿ ಮನೆಗೆ ಮೇಲಿಂದ ಮೇಲೆ ದೂರವಾಣಿ ಕರೆಗಳು ಬಂದವು. ಚಾರ್ಲಿ ಇದ್ದಿದ್ದರೆ ಇದನ್ನು ಹಾಸ್ಯಾಸ್ಪದವೆನ್ನುತ್ತಿದ್ದನೆಂದು ಹೇಳಿ ಊನಾ ಹಣ ಕೊಡಲು ನಿರಾಕರಿಸಿದಳು. ಪೊಲೀಸರು ಸಾರ್ವಜನಿಕ ದೂರವಾಣಿಗಳ ಮೇಲೆ ಕಣ್ಣಿಟ್ಟು ಮೇ ತಿಂಗಳಿನಲ್ಲಿ ಕಳ್ಳರನ್ನು ಹಿಡಿದರು. ಪೆಟ್ಟಿಗೆ ಸರೋವರದ ಬಳಿಯ ಹೊಲವೊಂದರಲ್ಲಿ ಹೂತಿದ್ದುದು ಪತ್ತೆಯಾಯಿತು. ಅದನ್ನು ಮತ್ತೆ ಹಳೆಯ ಜಾಗಕ್ಕೆ ತಂದು, ಈ ಸಲ ಮೇಲೆ ದಪ್ಪನೆಯ ಕಾಂಕ್ರೀಟನ್ನು ಹಾಕಿಸಿ ಭದ್ರಪಡಿಸಿದರು. 1991ರಲ್ಲಿ ಊನಾಳನ್ನೂ ಆತನ ಪಕ್ಕದಲ್ಲಿಯೇ ಮಣ್ಣು ಮಾಡಿದರು.